ಮಾಳಿಗೆಯ ಮೇಲಿನ ಕಂಬ

ಕಂಬವೆಂದರೆ ಚರಿತ್ರೆಯ ವಿದ್ಯಾರ್ಥಿಗೆ ಮೊದಲು ನೆನಪಾಗುವುದು ಕಲ್ಲಿನ ಕಂಬ. ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಶಾಸನಸ್ತಂಭ ಇಲ್ಲದಿದ್ದರೆ, ಕಂಚಿಯಲ್ಲಿ ಅಪಮಾನಗೊಂಡ ಮಯೂರಶರ್ಮನು ಹಿಂದಿರುಗಿ ರಾಜ್ಯ ಕಟ್ಟಿದ ವೃತ್ತಾಂತ ನಮಗೆ ಇಷ್ಟು ಸ್ಪಷ್ಟವಾಗಿ ತಿಳಿಯುತ್ತಿರಲಿಲ್ಲ. ಬಸದಿಯ ಮುಂದೆ ಮಾನಸ್ತಂಭ; ನೋಡಿದವರ ಅಹಂಕಾರ ಇಳಿಯಲೆಂದು ನಿಲ್ಲಿಸಿದ್ದು. ಗುಡಿಯ ಮುಂದೆ ದೀಪಮಾಲೆಯ ಕಂಬ. ದಾರಿಹೋಕನಿಗೂ ಬೆಳಕು ಕಾಣಲೆಂದು ನಿಲ್ಲಿಸಿದ್ದು. ಇವುಗಳ ಸಾಲಿಗೆ, ಯಾವ ಶಾಸನವೂ ಇಲ್ಲದ, ಯಾರೂ ಕೈಮುಗಿಯದ ಇನ್ನೊಂದು ಕಂಬವನ್ನು ಸೇರಿಸಬೇಕೆಂದು ನನ್ನ ಅಪೇಕ್ಷೆ. ಅದು ಮನೆಯ ಮಾಳಿಗೆಯ ಮೇಲೆ ಡಿಶ್ ಆಂಟೆನಾ ಹೊತ್ತು ನಿಂತಿರುವ ಕಬ್ಬಿಣದ ಕಂಬ. ನಮ್ಮ ಗಡಿಭಾಗದ ಊರೊಂದರ ಐವತ್ತು ವರ್ಷಗಳ ಚರಿತ್ರೆಯನ್ನು ಅದು ತನ್ನ ರೀತಿಯಲ್ಲಿ ಹೇಳುತ್ತದೆ.

ಆ ಊರು ಸಂಕೇಶ್ವರ. ಹುಕ್ಕೇರಿ ತಾಲ್ಲೂಕಿನಲ್ಲಿ, ಹಿರಣ್ಯಕೇಶಿ ನದಿಯ ದಂಡೆಯಲ್ಲಿ, ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿದೆ. ದಕ್ಷಿಣಕ್ಕೆ ಬೆಳಗಾವಿ, ಉತ್ತರಕ್ಕೆ ನಿಪ್ಪಾಣಿಯನ್ನು ದಾಟಿದರೆ ಕೊಲ್ಲಾಪುರ, ಪಶ್ಚಿಮಕ್ಕೆ ಹತ್ತಿರದಲ್ಲಿಯೇ ಗಡಹಿಂಗ್ಲಜ. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಸಂತೆಯಲ್ಲಿ ಮೆಣಸಿನಕಾಯಿಯ ವ್ಯಾಪಾರ ಎರಡು ಭಾಷೆಗಳಲ್ಲಿ ನಡೆಯುವ ಊರು ಇದು. ಇಂಥ ಊರಿನಲ್ಲಿ ಗಾಳಿಯಲ್ಲಿ ತೇಲಿಬರುವ ಮಾತು ಯಾವ ಭಾಷೆಯದು ಎಂಬ ಪ್ರಶ್ನೆ ಸಣ್ಣದಲ್ಲ.

ಮೊದಲು ಬಂದದ್ದು ರೇಡಿಯೋದ ಕಂಬ. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಆರಂಭಿಸಿದ ಬಾನುಲಿ ಕೇಂದ್ರದಿಂದ ‘ಆಕಾಶವಾಣಿ’ ಎಂಬ ಮಾತು ದೇಶಕ್ಕೆಲ್ಲ ಹಬ್ಬಿತು. 1950ರ ಜನವರಿಯಲ್ಲಿ ಧಾರವಾಡ ಕೇಂದ್ರ, 1963ರಲ್ಲಿ ಸಾಂಗಲಿ ಕೇಂದ್ರ ಆರಂಭವಾದವು. ಸಂಕೇಶ್ವರದ ಕೇಳುಗನಿಗೆ ಕನ್ನಡವೂ ಮರಾಠಿಯೂ ಒಂದೇ ಪೆಟ್ಟಿಗೆಯಲ್ಲಿ ಸಿಕ್ಕವು. ಎರಡು ಬಿದಿರಿನ ಗಳಗಳನ್ನು ನೆಟ್ಟು, ನಡುವೆ ತಾಮ್ರದ ತಂತಿ ಎಳೆದರೆ ಕೆಲಸ ಮುಗಿಯಿತು. ತಂತಿಗೆ ಭಾರವಿಲ್ಲ, ಗಾಳಿ ಅದನ್ನು ತಳ್ಳುವುದಿಲ್ಲ. ಗಳ ಕೊಂಚ ಓಲಾಡಿದರೂ ಹಾಡಿಗೆ ಭಂಗವಿಲ್ಲ. ಬಿದಿರು ಸಾಕಾಗಿದ್ದ ಕಾಲ ಅದು.

ಬೀದಿಗೆ ವಿದ್ಯುತ್ತಿನ ಕಂಬ ಬರದೆ ಮನೆಗೆ ದೂರದರ್ಶನ ಬರುವಂತಿಲ್ಲ. ಈ ವಿಷಯದಲ್ಲಿ ಹುಕ್ಕೇರಿ ತಾಲ್ಲೂಕಿಗೆ ದೇಶದ ಚರಿತ್ರೆಯಲ್ಲಿಯೇ ಸ್ಥಾನವಿದೆ. 1969ರಲ್ಲಿ ಆರಂಭವಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ, ಭಾರತದಲ್ಲಿ ಪ್ರಯೋಗಾರ್ಥವಾಗಿ ಸ್ಥಾಪಿಸಿದ ಮೊದಲ ಐದು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಗಳಲ್ಲಿ ಒಂದು. ಬಳಸುವವರೇ ಸದಸ್ಯರಾಗಿ ವಿದ್ಯುತ್ತನ್ನು ಹಂಚಿಕೊಳ್ಳುವ ವ್ಯವಸ್ಥೆ ಅದು. ಅದೇ 1969ರಲ್ಲಿ, ಇಲ್ಲಿಂದ ಬಹುದೂರದಲ್ಲಿ, ಭಾರತ ಮತ್ತು ಅಮೆರಿಕದ ಬಾಹ್ಯಾಕಾಶ ಸಂಸ್ಥೆ ಇನ್ನೊಂದು ಒಪ್ಪಂದಕ್ಕೆ ಸಹಿ ಹಾಕಿದವು: ಉಪಗ್ರಹದ ಮೂಲಕ ಭಾರತದ ಹಳ್ಳಿಗಳಿಗೆ ನೇರವಾಗಿ ದೂರದರ್ಶನವನ್ನು ಮುಟ್ಟಿಸುವುದು. ಅದರ ಹಿಂದಿದ್ದವರು ವಿಕ್ರಮ ಸಾರಾಭಾಯಿ. ಫಲವನ್ನು ನೋಡಲು ಅವರು ಉಳಿಯಲಿಲ್ಲ. 1971ರ ಡಿಸೆಂಬರ್ 30ರಂದು ತೀರಿಕೊಂಡರು.

1975ರ ಆಗಸ್ಟ್ 1ರಂದು ಆ ಪ್ರಯೋಗ ಆರಂಭವಾಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು. ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು. ಬೆಳಗಾವಿ ಜಿಲ್ಲೆಗೆ ಆ ಭಾಗ್ಯ ದೊರೆಯಲಿಲ್ಲ. ನೆರೆಯ ಬಿಜಾಪುರದವರೆಗೆ ಬಂದು ಆಕಾಶ ನಿಂತುಬಿಟ್ಟಿತು. ಶಾಲೆಯ ಅಥವಾ ಪಂಚಾಯತಿಯ ಬಳಿ ಹತ್ತು ಅಡಿ ಅಡ್ಡಳತೆಯ ಡಿಶ್. ಅದರ ಮೈಗೆ ಹೊದಿಸಿದ್ದು ಕೋಳಿಗೂಡಿಗೆ ಬಳಸುವಂಥ ತಂತಿಜಾಲರಿ. ಆ ಪ್ರಸಾರದ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ಜಾಲರಿಯ ಕಣ್ಣು ಅಲೆಗಿಂತ ಬಹಳ ಸಣ್ಣದಾದ್ದರಿಂದ ಅಲೆಗೆ ಅದು ಗೋಡೆಯೇ. ಗಾಳಿಗೆ ಮಾತ್ರ ಕಿಟಕಿ. ಬಯಲುಸೀಮೆಯ ಬಿರುಗಾಳಿಗೆ ಅಷ್ಟು ದೊಡ್ಡ ಡಿಶ್ ತಡೆದು ನಿಲ್ಲಬೇಕಾದರೆ ಇದಕ್ಕಿಂತ ಒಳ್ಳೆಯ ಉಪಾಯ ಇರಲಿಲ್ಲ. ಹಳ್ಳಿಯವರೆಲ್ಲ ಒಂದೇ ಪೆಟ್ಟಿಗೆಯ ಮುಂದೆ ಕುಳಿತು ಬೇಸಾಯದ, ಆರೋಗ್ಯದ ಕಾರ್ಯಕ್ರಮಗಳನ್ನು ಕನ್ನಡದಲ್ಲಿ ನೋಡಿದರು. ಸರಿಯಾಗಿ ಒಂದು ವರ್ಷ. 1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು. ಎರವಲು ತಂದ ಉಪಗ್ರಹ ಒಡೆಯನ ಕಡೆಗೆ ಹೊರಟುಹೋಯಿತು. ಹೇಳುವವರಿಲ್ಲದೆ ಡಿಶ್‌ಗಳು ನೆಲದ ಮೇಲೆ ಉಳಿದವು.

ಆಮೇಲೆ ಬಂದದ್ದು ಎತ್ತರದ ಕಂಬಗಳ ಕಾಲ. 1981ರ ನವೆಂಬರ್‌ನಲ್ಲಿ ಬೆಂಗಳೂರು ದೂರದರ್ಶನ ಕೇಂದ್ರ, 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡೆಗಳು ಮತ್ತು ಬಣ್ಣದ ಚಿತ್ರ, 1984ರಲ್ಲಿ ದೇಶದಾದ್ಯಂತ ಸಾಲುಸಾಲಾಗಿ ಕಡಿಮೆ ಶಕ್ತಿಯ ಮರುಪ್ರಸಾರ ಕೇಂದ್ರಗಳು. ನೆಲದ ಮೇಲಿನ ಪ್ರಸಾರ ದಿಗಂತವನ್ನು ದಾಟಿ ಹೆಚ್ಚು ದೂರ ಹೋಗಲಾರದು. ಕಾಣುವ ದಿಗಂತವನ್ನು ಇಮ್ಮಡಿಗೊಳಿಸಬೇಕಾದರೆ ಕಂಬದ ಎತ್ತರವನ್ನು ನಾಲ್ಮಡಿಗೊಳಿಸಬೇಕು. ಸಂಕೇಶ್ವರದಂಥ ಊರುಗಳಲ್ಲಿ ಒಂದರ ಮೇಲೊಂದು ಪೈಪು ಜೋಡಿಸಿ, ಮೂರು ದಿಕ್ಕಿಗೆ ತಂತಿ ಬಿಗಿದು, ತುದಿಯಲ್ಲಿ ಅಲ್ಯೂಮಿನಿಯಂ ಕಡ್ಡಿಗಳ ಏರಿಯಲ್ ಕಟ್ಟಿದರು. ಮಾನಸ್ತಂಭ ಮಾನವನ್ನು ಇಳಿಸುವ ಕಂಬವಾದರೆ ಇದು ಏರಿಸುವ ಕಂಬ. ಪಕ್ಕದ ಮನೆಯದಕ್ಕಿಂತ ಎರಡು ಅಡಿಯಾದರೂ ಎತ್ತರವಿರಬೇಕು. 1987ರಲ್ಲಿ ಆರಂಭವಾದ ‘ರಾಮಾಯಣ’ದ ಭಾನುವಾರಗಳಲ್ಲಿ ಒಬ್ಬರು ಮಾಳಿಗೆಯ ಮೇಲೆ ಕಂಬ ತಿರುಗಿಸುವುದು, ಇನ್ನೊಬ್ಬರು ಕೆಳಗಿನಿಂದ “ಬಂತು, ಹೋಯ್ತು” ಎಂದು ಕೂಗುವುದು ಎಲ್ಲ ಊರುಗಳ ಅನುಭವ. ಆದರೆ ಇಷ್ಟು ಎತ್ತರಕ್ಕೆ ಏರಿ ಹಿಡಿದದ್ದು ಏನನ್ನು? ಆ ಕಿರು ಕೇಂದ್ರಗಳು ಬಹುಮಟ್ಟಿಗೆ ದೆಹಲಿಯ ಕಾರ್ಯಕ್ರಮವನ್ನೇ ಹಂಚುತ್ತಿದ್ದವು. ಏರಿಯಲ್ಲನ್ನು ಬೆಳಗಾವಿಯ ಕಡೆಗೆ ತಿರುಗಿಸಿದರೂ ಕೊಲ್ಲಾಪುರದ ಕಡೆಗೆ ತಿರುಗಿಸಿದರೂ ಹೆಚ್ಚಾಗಿ ಕೇಳಿಸುತ್ತಿದ್ದದ್ದು ಹಿಂದಿ. ಹತ್ತಿರದ ಕಂಬದಿಂದ ದೂರದ ಮಾತು ಬರುತ್ತಿತ್ತು.

ಈ ನಡುವೆ ಕರ್ನಾಟಕದ ನೆಲದಲ್ಲಿಯೇ ಬೇರೊಂದು ಸಿದ್ಧತೆ ನಡೆದಿತ್ತು. 1981ರಲ್ಲಿ ಹಾರಿದ ‘ಆ್ಯಪಲ್’ ಉಪಗ್ರಹವನ್ನು, ಲೋಹದ ಅಡಚಣೆಯಿಲ್ಲದೆ ಪರೀಕ್ಷಿಸಲು, ಬೆಂಗಳೂರಿನಲ್ಲಿ ಎತ್ತಿನ ಗಾಡಿಯ ಮೇಲೆ ಇರಿಸಿದ್ದರು. ಆ ಚಿತ್ರವನ್ನು ಅನೇಕರು ನೋಡಿರಬಹುದು. 1982ರಲ್ಲಿ ಹಾಸನದಲ್ಲಿ ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರ ನೆಲೆಗೊಂಡಿತು. 1983ರಲ್ಲಿ ಇನ್ಸಾಟ್-1ಬಿ ಮೇಲೇರಿತು. 1990ರ ದಶಕದಲ್ಲಿ ಕೇಬಲ್ಲಿನವರ ಮಾಳಿಗೆಗಳ ಮೇಲೆ ಎಂಟು, ಹತ್ತು, ಹನ್ನೆರಡು ಅಡಿಗಳ ಡಿಶ್‌ಗಳು ಕುಳಿತವು. 1994ರಲ್ಲಿ ಉದಯ ವಾಹಿನಿ ಆರಂಭವಾದಾಗ ಕನ್ನಡ ಆಕಾಶದಿಂದ ಇಳಿಯಿತು. 2004ರ ಡಿಸೆಂಬರ್‌ನಲ್ಲಿ ದೂರದರ್ಶನದ ಉಚಿತ ಸೇವೆ ಬಂದ ಮೇಲೆ ಅಂಗೈಯಗಲದ ಜಾಗದಲ್ಲಿ ಎರಡಡಿಯ ಸಣ್ಣ ಡಿಶ್ ಮನೆಮನೆಗೂ ಬಂತು. ಐವತ್ತು ಕಿಲೋಮೀಟರ್ ದೂರದ ಕಂಬ ಮುಟ್ಟಿಸದ ಕನ್ನಡವನ್ನು ಮೂವತ್ತಾರು ಸಾವಿರ ಕಿಲೋಮೀಟರ್ ಎತ್ತರದ ಯಂತ್ರ ಮುಟ್ಟಿಸಿತು. ಅದಕ್ಕೆ ಗಡಿಯ ಕಲ್ಲು ಕಾಣುವುದಿಲ್ಲ. ಸಂಕೇಶ್ವರಕ್ಕೆ ಸಿಕ್ಕ ಕನ್ನಡ ಸೊಲ್ಲಾಪುರಕ್ಕೂ ಜತ್ತಿಗೂ ಕಾಸರಗೋಡಿಗೂ ಅಷ್ಟೇ ಸ್ಪಷ್ಟವಾಗಿ ಸಿಕ್ಕಿತು.

ಡಿಶ್ ನೋಡುವ ದಿಕ್ಕಿನಲ್ಲಿಯೂ ಚರಿತ್ರೆಯಿದೆ. 1975ರಲ್ಲಿ ಬಿಜಾಪುರದ ಜಾಲರಿ ಡಿಶ್ ನೋಡುತ್ತಿದ್ದದ್ದು ಪಶ್ಚಿಮ-ನೈಋತ್ಯಕ್ಕೆ, ದಿಗಂತದಿಂದ ಸುಮಾರು 40 ಅಂಶ ಮೇಲಕ್ಕೆ. ಎರವಲು ಉಪಗ್ರಹ ಆಫ್ರಿಕಾದ ಮೇಲಿತ್ತು. ಇನ್ಸಾಟ್-1ಬಿ ನಿಂತದ್ದು 74 ಅಂಶ ಪೂರ್ವ ರೇಖಾಂಶದಲ್ಲಿ. ಸಂಕೇಶ್ವರದ ರೇಖಾಂಶವೂ ಸರಿಸುಮಾರು ಅಷ್ಟೇ. ಅದನ್ನು ಇಲ್ಲಿಂದ ನೋಡಬೇಕಾದರೆ ನೇರ ದಕ್ಷಿಣಕ್ಕೆ, ಬಹುತೇಕ ನೆತ್ತಿಯ ಕಡೆಗೆ ಕಣ್ಣೆತ್ತಬೇಕಿತ್ತು. ಉಚಿತ ಸೇವೆಯನ್ನು ಹೊತ್ತ ಜಿಸ್ಯಾಟ್-15 ಇರುವುದು 93.5 ಅಂಶದಲ್ಲಿ, ಸಂಕೇಶ್ವರದಿಂದ ಅದು ಆಗ್ನೇಯಕ್ಕೆ, 61 ಅಂಶ ಎತ್ತರದಲ್ಲಿ.

ಇನ್ನು ಕಂಬದ ಆಯ್ಕೆಯ ಮಾತು. ಎತ್ತರದ ಕಾಲ ಮುಗಿದಿದೆ ಎಂಬುದನ್ನು ಮೊದಲು ತಿಳಿಯಬೇಕು. 61 ಅಂಶದಷ್ಟು ಮೇಲಕ್ಕೆ ನೋಡುವ ಡಿಶ್‌ಗೆ ಮುಂದಿನ ತೆಂಗಿನಮರ ಅಡ್ಡವಾಗಬೇಕಾದರೆ, ಆ ಮರ ಡಿಶ್‌ಗಿಂತ ಎಷ್ಟು ಎತ್ತರವಿದೆಯೋ ಅದರ ಸುಮಾರು ಅರ್ಧದಷ್ಟು ದೂರದೊಳಗೆ ನಿಂತಿರಬೇಕು. ಎರಡು ಮೂರು ಅಡಿಯ ಕಂಬ ಸಾಕು. ಉದ್ದ ಹೆಚ್ಚಿದಷ್ಟೂ ಕೇಡು: ಕಂಬ ಇಮ್ಮಡಿ ಎತ್ತರವಾದರೆ ಅದೇ ಗಾಳಿಗೆ ತುದಿಯ ವಾಲಿಕೆ ನಾಲ್ಮಡಿಯಾಗುತ್ತದೆ. ಗಾಳಿಯ ವೇಗ ಇಮ್ಮಡಿಯಾದರೆ ಅದರ ನೂಕು ನಾಲ್ಮಡಿ. ಗಂಟೆಗೆ ನೂರು ಕಿಲೋಮೀಟರ್ ಬೀಸುವ ಗಾಳಿ ಎರಡಡಿಯ ಡಿಶ್‌ನ ಮೇಲೆ ಹದಿನೈದಿಪ್ಪತ್ತು ಕಿಲೋಗ್ರಾಂ ತೂಕದಷ್ಟು ಬಲ ಹಾಕಬಲ್ಲದು.

ಎರಡನೆಯದು ಕಂಬದ ನೆಟ್ಟನೆಯ ನಿಲುವು. ಇಲ್ಲೊಂದು ವಿಚಿತ್ರವಿದೆ. 1975ರ ಹತ್ತಡಿಯ ಡಿಶ್‌ನ ನೋಟ ಸುಮಾರು ಎಂಟು ಅಂಶ ಅಗಲವಾಗಿತ್ತು. ಇಂದಿನ ಎರಡಡಿಯದರ ನೋಟ ಮೂರೇ ಅಂಶ. ಅಲೆ ಬಹಳ ಕಿರಿದಾದ್ದರಿಂದ ಡಿಶ್ ಚಿಕ್ಕದಾದರೂ ನೋಟ ಮೊನಚಾಯಿತು. ಆದ್ದರಿಂದ ಸಣ್ಣ ಡಿಶ್‌ನ ಕಂಬವೇ ಹೆಚ್ಚು ಸ್ಥಿರವಾಗಿರಬೇಕು. ಗೌಂಡಿಗಳು ಗೋಡೆಗೆ ಹಿಡಿಯುವ ತೂಗುಗುಂಡನ್ನು ಈ ಕಂಬಕ್ಕೂ ಎರಡು ಬದಿಗಳಿಂದ ಹಿಡಿಯಬೇಕು. ಕಂಬ ನೆಟ್ಟಗಿದ್ದರೆ ಡಿಶ್ಶನ್ನು ಅಡ್ಡಡ್ಡ ತಿರುಗಿಸಿದಾಗ ಅದರ ಎತ್ತರದ ಅಳತೆ ಕೆಡುವುದಿಲ್ಲ. ವಾಲಿದ್ದರೆ ಒಂದನ್ನು ಸರಿಪಡಿಸಲು ಹೋಗಿ ಇನ್ನೊಂದನ್ನು ಕೆಡಿಸುತ್ತೇವೆ.

ಮೂರನೆಯದು ಪೈಪಿನ ಜಾತಿ. ಬಿದಿರು ಬಳುಕುತ್ತದೆ, ಕಟ್ಟಿಗೆ ಬಿಸಿಲಿಗೆ ತಿರುಚುತ್ತದೆ. ಸತುವಿನ ಲೇಪದ ಕಬ್ಬಿಣದ ಪೈಪು ಉತ್ತಮ. ಅಂಗಡಿಯವರು ‘ಒಂದೂವರೆ ಇಂಚು’ ಎಂದು ಕೊಡುವ ನೀರಿನ ಪೈಪಿನ ಹೊರ ಅಳತೆ ಸುಮಾರು 48 ಮಿಲಿಮೀಟರ್, ಅಂದರೆ ಎರಡು ಇಂಚಿಗೆ ಸಮೀಪ. ಡಿಶ್‌ನ ಹಿಡಿಕೆಗೆ ಹೊಂದಬೇಕಾದದ್ದು ಈ ಹೊರ ಅಳತೆಯೇ. ಹಳದಿ ಪಟ್ಟಿಯದು ತೆಳುವು, ನೀಲಿ ಪಟ್ಟಿಯದು ಮಧ್ಯಮ, ಕೆಂಪು ಪಟ್ಟಿಯದು ದಪ್ಪ; ಮನೆಗೆ ನೀಲಿ ಸಾಕು. ಬಾಯಿಗೆ ಮುಚ್ಚಳ ಹಾಕದಿದ್ದರೆ ಒಳಗೆ ಮಳೆನೀರು ನಿಂತು ತುಕ್ಕು ಹಿಡಿಯುತ್ತದೆ. ಗುಡುಗುಮಳೆಯ ಸೀಮೆಯಾದ್ದರಿಂದ ಕಂಬಕ್ಕೆ ಭೂಸಂಪರ್ಕ ಕೊಡುವುದು ಅವಶ್ಯ. ಎಲ್ಲಕ್ಕಿಂತ ಮುಖ್ಯವಾಗಿ, ಕಂಬ ಯಾವ ಕಡೆಗೆ ಬಿದ್ದರೂ ವಿದ್ಯುತ್ ತಂತಿಗೆ ತಾಗದಷ್ಟು ದೂರವಿರಬೇಕು. ಎತ್ತರದ ಕಬ್ಬಿಣದ ಕಂಬ ಎತ್ತುವಾಗ ತಂತಿ ತಗುಲಿ ಜೀವಹಾನಿಯಾಗುವುದು ನಮ್ಮ ನಾಡಿನಲ್ಲಿ ಅಪರೂಪವಲ್ಲ.

ದೂರದರ್ಶನದ ನೆಲದ ಪ್ರಸಾರ ಕೇಂದ್ರಗಳು 2022ರ ಹೊತ್ತಿಗೆ ಬಹುತೇಕ ಮುಚ್ಚಿದವು. ಎತ್ತರದ ಕಂಬಗಳು ಹಿಡಿಯಲು ಅಲೆಯಿಲ್ಲದೆ ಕೆಲವೆಡೆ ಇನ್ನೂ ನಿಂತಿವೆ; ಬಟ್ಟೆ ಒಣಗಿಸುವ ಹಗ್ಗವನ್ನು ಹೊತ್ತಿವೆ. ಅಂತರ್ಜಾಲದ ತಂತಿ ಮನೆಯೊಳಗೆ ಬಂದಂತೆ ಸಣ್ಣ ಡಿಶ್‌ಗಳೂ ಇಳಿಯತೊಡಗಿವೆ. ಶಾಸನಸ್ತಂಭ ಕಲ್ಲಾದ್ದರಿಂದ ಉಳಿಯಿತು; ಕಬ್ಬಿಣ ಗುಜರಿಗೆ ಹೋಗುತ್ತದೆ. 1975ರ ಜಾಲರಿ ಡಿಶ್ ಒಂದಾದರೂ ನಮ್ಮ ಉತ್ತರ ಕರ್ನಾಟಕದ ಯಾವುದಾದರೂ ಹಳೆಯ ಶಾಲೆಯ ಹಿತ್ತಲಲ್ಲಿ ಉಳಿದಿದ್ದರೆ, ಅದನ್ನು ಕಂಬಸಹಿತ ತಂದು ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸುವುದು ಯೋಗ್ಯ. ಒಂದು ಹಳ್ಳಿಯೆಲ್ಲ ಒಂದು ಕಂಬದ ಕೆಳಗೆ ಕೂಡಿ ಕುಳಿತು ತನ್ನ ಮಾತನ್ನು ಆಕಾಶದಿಂದ ಕೇಳಿದ ವರ್ಷ ಅದು. ಆ ವರ್ಷಕ್ಕೆ ಬೇರೆ ಶಾಸನವಿಲ್ಲ.