ಓದುವ ಹಿರಿಯರು ಮೊದಲು, ಶಾಲೆ ಅನಂತರ: ಮುಂಬಯಿಯ ಒಂದು ಸಿನಗಾಗ್ ಹೇಳುವ ಪಾಠ



ಸೊಲ್ಲಾಪುರ, ಅಕ್ಕಲಕೋಟೆ, ಮಂಗಳವೇಢೆಗಳ ಕನ್ನಡ ಶಾಲೆಗಳ ಮಾತು ಬಂದಾಗಲೆಲ್ಲ ನಾವು ಸಂವಿಧಾನದ 350ಎ ವಿಧಿಯನ್ನು ನೆನೆಯುತ್ತೇವೆ. 1956ರ ತಿದ್ದುಪಡಿಯಿಂದ ಸೇರಿದ ಆ ವಿಧಿಯ ಪ್ರಕಾರ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಯತ್ನಿಸಬೇಕು. ವಿಧಿ ಒಳ್ಳೆಯದು, ಆದರೆ ಅದು ಮಗುವನ್ನು ಕುರಿತದ್ದು. ಆ ಮಗುವಿನ ಕೈಹಿಡಿದು ಶಾಲೆಯ ಬಾಗಿಲಿಗೆ ಬರುವ ತಾಯಿತಂದೆಯರ ವಿಷಯದಲ್ಲಿ ಅದು ಮೌನವಾಗಿದೆ. ಗಡಿಯ ಎಷ್ಟೋ ಮನೆಗಳಲ್ಲಿ ಹಿರಿಯರು ಕನ್ನಡದಲ್ಲಿ ಮಾತನಾಡುತ್ತಾರೆ, ಕನ್ನಡದಲ್ಲಿ ಜಗಳವಾಡುತ್ತಾರೆ, ಕನ್ನಡದಲ್ಲಿಯೇ ಜೋಗುಳ ಹಾಡುತ್ತಾರೆ. ಕನ್ನಡದ ಪುಸ್ತಕವನ್ನು ಮಾತ್ರ ಓದಲಾರರು. ಏಕೆಂದರೆ ಅವರು ಕಲಿತದ್ದು ಮರಾಠಿ ಶಾಲೆಯಲ್ಲಿ.

ಹುಲಜಂತಿಯನ್ನೇ ನೋಡಿರಿ. ದೀಪಾವಳಿಯ ಅಮಾವಾಸ್ಯೆಗೆ ಮಹಾಲಿಂಗರಾಯನ ಗುಡಿಯ ಶಿಖರಕ್ಕೆ ಸಾಕ್ಷಾತ್ ಶಿವನೇ ಮುಂಡಾಸು ಸುತ್ತುತ್ತಾನೆಂಬುದು ಭಕ್ತರ ನಂಬಿಕೆ. ಪಲ್ಲಕ್ಕಿಗಳು ಕೂಡುತ್ತವೆ, ಭಂಡಾರ ಹಾರುತ್ತದೆ, ಡೊಳ್ಳು ಮೊಳಗುತ್ತದೆ. ಹಾಲುಮತದ ಕಥೆಗಳನ್ನು ಹೇಳುವ ಡೊಳ್ಳಿನ ಪದಗಳು ಕನ್ನಡದಲ್ಲಿವೆ; ರಾಜ್ಯದ ಗೆರೆ ಎಲ್ಲಿ ಬಿದ್ದಿತೆಂಬುದನ್ನು ಅವು ಲೆಕ್ಕಕ್ಕೆ ಹಿಡಿದಿಲ್ಲ. ಅಂದರೆ ಭಾಷೆ ಕಿವಿಯಲ್ಲಿ ಉಳಿದಿದೆ, ಕಣ್ಣಿಗೆ ಮರೆಯಾಗುತ್ತಿದೆ. ಹೀಗೆ ಮರೆಯಾದುದನ್ನು ಮರಳಿ ಪಡೆದ ಒಂದು ಚಿಕ್ಕ ಸಮುದಾಯ ಇದೇ ಮಹಾರಾಷ್ಟ್ರದಲ್ಲಿ ಇದೆ. ಅದರ ಚರಿತ್ರೆಯನ್ನು ನಿಮ್ಮ ಮುಂದಿಡುವುದು ಈ ಬರಹದ ಉದ್ದೇಶ.

ಕೊಂಕಣದ ಬೆನೆ ಇಸ್ರಾಯೇಲ್ ಎಂಬ ಯಹೂದಿಗಳು ತಮ್ಮ ಪೂರ್ವಜರ ಹಡಗು ಅಲಿಬಾಗದ ಬಳಿಯ ನವಗಾಂವದ ಕಡಲಿನಲ್ಲಿ ಒಡೆಯಿತೆಂದೂ, ಏಳು ದಂಪತಿಗಳು ಮಾತ್ರ ಬದುಕಿ ದಡ ಸೇರಿದರೆಂದೂ ಹೇಳುತ್ತ ಬಂದಿದ್ದಾರೆ. ಹಳ್ಳಿಗಳಲ್ಲಿ ನೆಲೆಸಿ ಗಾಣಿಗರಾದ ಇವರು ಶನಿವಾರ ಗಾಣ ಕಟ್ಟುತ್ತಿರಲಿಲ್ಲ. ಅದರಿಂದ ನೆರೆಯವರು ಇವರನ್ನು ‘ಶನಿವಾರ ತೇಲಿ’ಗಳೆಂದು ಕರೆದರು. ಮನೆಮಾತು ಮರಾಠಿಯಾಯಿತು, ಊರ ಹೆಸರಿನ ಮುಂದೆ ‘ಕರ್’ ಸೇರಿ ಅಡ್ಡಹೆಸರುಗಳಾದವು. ಧರ್ಮಗ್ರಂಥಗಳೂ ಅವುಗಳ ಭಾಷೆಯಾದ ಹೀಬ್ರೂವೂ ಕೈಬಿಟ್ಟುಹೋದವು. ಉಳಿದದ್ದು ಸುನ್ನತಿ, ಶನಿವಾರದ ವಿಶ್ರಾಂತಿ, ಆಹಾರದ ಕೆಲವು ನಿಯಮಗಳು, ಮತ್ತು ದೇವರು ಒಬ್ಬನೇ ಎಂದು ಸಾರುವ ‘ಶೆಮಾ’ ಎಂಬ ಪ್ರಾರ್ಥನೆ. ನಮ್ಮ ಡೊಳ್ಳಿನ ಪದದಂತೆ ಅದೂ ಬಾಯಿಂದ ಬಾಯಿಗೆ ಸಾಗಿತು.

ಇವರ ಮೊದಲ ಸಿನಗಾಗಿಗೂ ಕನ್ನಡ ನಾಡಿಗೂ ಒಂದು ನಂಟಿದೆ. ಸ್ಯಾಮ್ಯುಯೆಲ್ ಇಜೆಕಿಯೆಲ್ ದಿವೇಕರ್ ಎಂಬಾತ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದು, ಎರಡನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಯಾಳಾದ. ಸೆರೆಯಾಳುಗಳು ಬೆನೆ ಇಸ್ರಾಯೇಲರೆಂದು ತಿಳಿದಾಗ, ಕುರಾನಿನಲ್ಲಿ ಆ ಹೆಸರು ಬರುವುದನ್ನು ನೆನೆದು ಟಿಪ್ಪುವಿನ ತಾಯಿ ಅವರನ್ನು ಉಳಿಸಿದಳೆಂಬುದು ಆ ಸಮುದಾಯದಲ್ಲಿ ನಡೆದುಬಂದ ಕಥೆ. ಬಿಡುಗಡೆಯಾದ ದಿವೇಕರ್ ಕೃತಜ್ಞತೆಯಿಂದ 1796ರಲ್ಲಿ ಮುಂಬಯಿಯ ಮಾಂಡವಿಯಲ್ಲಿ ಸಿನಗಾಗ್ ಕಟ್ಟಿಸಿದ. ‘ಶಾರ್ ಹಾರಹಾಮಿಮ್’ ಎಂದರೆ ಕರುಣೆಯ ಬಾಗಿಲು. ಊರವರು ಅದನ್ನು ‘ಜುನಿ ಮಸೀದಿ’ ಎಂದರು.

ಓದುಗರೇ, ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಗುಡಿಯೇನೋ ಎದ್ದಿತು, ಒಳಗೆ ಓದುವವರಾರು? ಯಹೂದಿಗಳಲ್ಲಿ ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ವಯಸ್ಕ ಪುರುಷರು ಕೂಡಬೇಕು. ತೋರಾ ಗ್ರಂಥವನ್ನು ವಾರಕ್ಕೊಂದು ಭಾಗದಂತೆ ಓದಿ ವರ್ಷಕ್ಕೊಮ್ಮೆ ಮುಗಿಸಬೇಕು. ಹೀಗಾಗಿ ಸಿನಗಾಗ್ ತನ್ನ ನಿಯಮದಿಂದಲೇ ವಯಸ್ಕರ ಶಾಲೆ. ಕೊಚ್ಚಿಯ ಯಹೂದಿಗಳು ಗುರುಗಳಾಗಿ ಬಂದರು. ಸ್ಕಾಟ್ಲೆಂಡಿನ ಪಾದ್ರಿ ಜಾನ್ ವಿಲ್ಸನ್ ಮರಾಠಿಯಲ್ಲಿ ಹೀಬ್ರೂ ವ್ಯಾಕರಣ ಬರೆದರು. ಅವರ ಉದ್ದೇಶ ಮತಪ್ರಚಾರ, ಕಲಿತವರಾದರೋ ವ್ಯಾಕರಣವನ್ನು ಪಡೆದು ಮತವನ್ನು ಉಳಿಸಿಕೊಂಡರು. 1874ರಲ್ಲಿ ಪುಣೆಯಲ್ಲಿ ಪಾಸ್ಕ ಹಬ್ಬದ ಪಠ್ಯವಾದ ‘ಹಗಾದಾ’ ಹೀಬ್ರೂ ಮತ್ತು ಮರಾಠಿ ಎರಡರಲ್ಲಿಯೂ ಅಚ್ಚಾಯಿತು. ಅದರ ಚಿತ್ರಗಳಲ್ಲಿ ಹೆಂಗಸರು ಸೀರೆ ಉಟ್ಟಿದ್ದಾರೆ. ಮುಖ್ಯೋಪಾಧ್ಯಾಯರಾಗಿದ್ದ ಜೋಸೆಫ್ ಇಜೆಕಿಯೆಲ್ ರಾಜಪುರಕರ್ ಪ್ರಾರ್ಥನಾ ಪುಸ್ತಕಗಳನ್ನು ಒಂದೊಂದಾಗಿ ಮರಾಠಿಗೆ ತಂದರು. 1880ರ ಸುಮಾರಿಗೆ ಹರಿಕೀರ್ತನೆಯ ಧಾಟಿಯಲ್ಲಿ ಯಹೂದಿ ಪುರಾಣಕಥೆಗಳನ್ನು ಹೇಳುವ ಮರಾಠಿ ಕೀರ್ತನೆಗಳು ಹುಟ್ಟಿದವು. ಅಕ್ಷರ ಬಾರದವರಿಗೂ ಗ್ರಂಥದ ಸಾರ ತಲುಪಿತು.

ಮಕ್ಕಳ ಶಾಲೆ? ಹಾಯೀಮ್ ಸ್ಯಾಮ್ಯುಯೆಲ್ ಕೆಹಿಮಕರ್ ಮುಂಬಯಿಯಲ್ಲಿ ಇಸ್ರಾಯೇಲೀ ಶಾಲೆಯನ್ನು ತೆರೆದದ್ದು 1875ರಲ್ಲಿ. ಸಿನಗಾಗಿಗೂ ಶಾಲೆಗೂ ನಡುವೆ 79 ವರ್ಷ. ಈ ಅನುಕ್ರಮವನ್ನು ಗಮನಿಸಬೇಕೆಂದು ನನ್ನ ವಿನಂತಿ. ಹಿರಿಯರು ಕೂಡಿ ಕಲಿಯುವ ಸ್ಥಳ ಮೊದಲು, ಎರಡು ಭಾಷೆಗಳ ಪುಸ್ತಕ ಅನಂತರ, ಮಕ್ಕಳ ಶಾಲೆ ಆಮೇಲೆ. ಶಾಲೆ ತೆರೆಯುವ ಹೊತ್ತಿಗೆ ಅದರ ಬೆಲೆ ಬಲ್ಲ ತಾಯಿತಂದೆಯರು ಸಿದ್ಧರಾಗಿದ್ದರು. ನಾವು ಎಲ್ಲ ಭಾರವನ್ನೂ ಆರು ವರ್ಷದ ಮಗುವಿನ ಹೆಗಲಿಗೆ ಹೊರಿಸಿ, ಪಟ್ಟಿ ಬರಿದಾದಾಗ ಸರ್ಕಾರವನ್ನಷ್ಟೇ ದೂರುತ್ತಿದ್ದೇವೆ. ಸರ್ಕಾರದ ಹೊಣೆ ಇದರಿಂದ ಕಡಿಮೆಯಾಗದು. ಆದರೆ ಶಾಲೆಯನ್ನು ಕೇಳಿ ಪಡೆಯುವವರು ಓದು ಬಲ್ಲ ಹಿರಿಯರೇ.

ಹೋಲಿಕೆಗೆ ಮಿತಿಯುಂಟು. ಹೀಬ್ರೂ ಅವರಿಗೆ ಪೂಜೆಯ ಭಾಷೆ; ಅದನ್ನು ಓದದೆ ವಿಧಿ ನೆರವೇರದು. ಕನ್ನಡ ನಮಗೆ ಒಲೆಯ ಮುಂದಿನ ಭಾಷೆ. ಓದದಿದ್ದರೂ ದಿನ ಕಳೆಯುತ್ತದೆ. ಅದಕ್ಕಾಗಿಯೇ ನಷ್ಟ ನಮಗೆ ಬೇಗ ಕಾಣುವುದಿಲ್ಲ. ಮತ್ತೊಂದು ಮಾತು. ಅವರು ಹೀಬ್ರೂ ಪಡೆಯಲು ಮರಾಠಿಯನ್ನು ದೂಡಲಿಲ್ಲ, ಮರಾಠಿಯನ್ನೇ ಮೆಟ್ಟಿಲು ಮಾಡಿಕೊಂಡರು. 1948ರ ಅನಂತರ ಅವರಲ್ಲಿ ಬಹುಮಂದಿ ಇಸ್ರೇಲಿಗೆ ಹೋದರು. ಅಲ್ಲಿ ಹೀಬ್ರೂ ಬೀದಿಯ ಭಾಷೆಯಾಗಿ, ಮರಾಠಿ ಅಲ್ಪಸಂಖ್ಯಾತರ ಭಾಷೆಯಾಯಿತು. ಆಗ ಅವರು ‘ಮಾಯಬೋಲಿ’ ಎಂಬ ಮರಾಠಿ ಪತ್ರಿಕೆ ನಡೆಸಿದರು, ಕೀರ್ತನೆಗಳನ್ನು ಮತ್ತೆ ಹಾಡಿದರು. ಯಾವ ಭಾಷೆ ಚಿಕ್ಕದು, ಯಾವುದು ದೊಡ್ಡದು ಎಂಬುದು ನಿಂತ ನೆಲದ ಮಾತು ಮಾತ್ರ.

ಹಾಗಾದರೆ ನಾವು ಮಾಡಬೇಕಾದದ್ದೇನು? ಗುಡಿ, ಮಠ, ಮಸೀದಿಗಳ ಕಟ್ಟೆ ನಮ್ಮಲ್ಲಿಯೂ ಇದೆ. ಭಜನೆಗೆ ಕೂಡುವ ಜನವೂ ಇದ್ದಾರೆ. ಸೊಲ್ಲಾಪುರದ ಸಿದ್ಧರಾಮೇಶ್ವರರು ಕನ್ನಡದ ವಚನಕಾರರು. ಅವರ ಹತ್ತಿಪ್ಪತ್ತು ವಚನಗಳನ್ನು ಒಂದು ಪುಟದಲ್ಲಿ ಕನ್ನಡ ಲಿಪಿಯಲ್ಲಿಯೂ ಎದುರು ಪುಟದಲ್ಲಿ ಮರಾಠಿ ಅರ್ಥದೊಡನೆಯೂ ಅಚ್ಚುಹಾಕಿಸುವುದು ದೊಡ್ಡ ವೆಚ್ಚದ ಕೆಲಸವಲ್ಲ. ದೇವನಾಗರಿ ಬಲ್ಲವರಿಗೆ ಅಕ್ಷರಮಾಲೆಯ ಕ್ರಮ ತಿಳಿದೇ ಇದೆ; ಕಲಿಯಬೇಕಾದದ್ದು ಅಕ್ಷರಗಳ ರೂಪ ಮಾತ್ರ. ಹುಲಜಂತಿಯ ಡೊಳ್ಳಿನ ಮೇಳದವರು ತಾವು ಹಾಡುವ ಪದವನ್ನು ತಾವೇ ಬರೆದಿಡಲು ಕಲಿತರೆ, ಅವರ ಮೊಮ್ಮಕ್ಕಳು ಅದನ್ನು ಓದುವರು. ವಾರಕ್ಕೊಂದು ದಿನ, ಭಜನೆ ಮುಗಿದ ಮೇಲೆ ಅರ್ಧ ಗಂಟೆ. ನಿಮ್ಮ ಊರಿನಲ್ಲಿ ಇದಕ್ಕೆ ಹತ್ತು ಮಂದಿ ಕೂಡಬಲ್ಲರೇ ಎಂಬುದನ್ನು ಮುಂದಿನ ಅಮಾವಾಸ್ಯೆಯೊಳಗೆ ವಿಚಾರಿಸಿ ನೋಡಿರಿ.