ಸೀರೋ ಸಮೀಕ್ಷೆ: ಭಾರತದಲ್ಲಿ ನಡೆದುಬಂದ ದಾರಿ

ಜನರ ರಕ್ತದಲ್ಲಿನ ಪ್ರತಿಕಾಯಗಳನ್ನು ಪರೀಕ್ಷಿಸಿ, ಒಂದು ಸೋಂಕು ಸಮುದಾಯದಲ್ಲಿ ಎಷ್ಟು ಹರಡಿದೆ ಎಂದು ಅಂದಾಜಿಸುವ ವಿಧಾನವೇ ಸೀರೋ ಸಮೀಕ್ಷೆ. ಆಸ್ಪತ್ರೆಯ ಮೆಟ್ಟಿಲು ಹತ್ತದವರೂ ಇದರಲ್ಲಿ ಲೆಕ್ಕಕ್ಕೆ ಸಿಗುತ್ತಾರೆ. ಹೀಗಾಗಿ ರೋಗಗಳ ದಾಖಲೆ ಅಪೂರ್ಣವಾಗಿರುವ ಬಡ ದೇಶಗಳಿಗೇ ಇದರ ಅಗತ್ಯ ಹೆಚ್ಚು. ನಡೆಸುವ ಕಷ್ಟವೂ ಅಲ್ಲೇ ಹೆಚ್ಚು.

ಆರಂಭ: 1952ರಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರ (ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ) ಸ್ಥಾಪನೆಯಾಯಿತು. ಸಂಶೋಧಕರಾದ ಸ್ಮಿತ್‌ಬರ್ನ್, ಕೆರ್ ಮತ್ತು ಗಾಟ್ನೆ ಆಗ ಪರೀಕ್ಷಿಸಿದ 196 ರಕ್ತದ ಮಾದರಿಗಳ ಪೈಕಿ 33ರಲ್ಲಿ ಝೀಕಾ ವೈರಸ್ಸನ್ನು ತಡೆಯುವ ಪ್ರತಿಕಾಯಗಳು ಕಂಡವು. ಡೆಂಗಿ, ಝೀಕಾ, ಜಪಾನೀಸ್ ಎನ್ಸೆಫಲೈಟಿಸ್, ಮಲೆನಾಡಿನ ಮಂಗನಕಾಯಿಲೆ ಒಂದೇ ಕುಟುಂಬದ ವೈರಸ್‌ಗಳಿಂದ ಬರುತ್ತವೆ. ಒಂದರ ಪ್ರತಿಕಾಯ ಇನ್ನೊಂದರ ಪರೀಕ್ಷೆಯಲ್ಲಿ ಪಾಸಿಟಿವ್ ತೋರಿಸಬಹುದಾದ್ದರಿಂದ ಆ ಫಲಿತಾಂಶದ ಅರ್ಥ ಚರ್ಚೆಗೆ ಒಳಗಾಯಿತು.

ಮಾದರಿ ಸಂಗ್ರಹ: ತೋಳಿನಿಂದ ತೆಗೆದ ರಕ್ತದಿಂದ ಸೀರಮ್ (ಪ್ರತಿಕಾಯಗಳಿರುವ ದ್ರವ ಭಾಗ) ಬೇರ್ಪಡಿಸಿ, ಪ್ರಯೋಗಾಲಯ ಸೇರುವವರೆಗೂ ತಂಪಾಗಿ ಇಡಬೇಕು. ಕರೆಂಟ್ ಕೈಕೊಡುವ ಊರುಗಳಲ್ಲಿ ಇದೇ ದೊಡ್ಡ ತಲೆನೋವು. 2005–06ರ ಮೂರನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಎಚ್‌ಐವಿ ಪರೀಕ್ಷೆಗೆ ಬೇರೆ ದಾರಿ ಹಿಡಿಯಿತು: ಬೆರಳ ತುದಿ ಚುಚ್ಚಿ, ರಕ್ತದ ಹನಿಗಳನ್ನು ಫಿಲ್ಟರ್ ಕಾಗದದ ಕಾರ್ಡಿಗೆ ಇಳಿಸಿ ಒಣಗಿಸುವುದು. ಸಾಗಾಟ ಹಗುರವಾಯಿತು, ಜನರ ಅಂಜಿಕೆ ಹೋಗಲಿಲ್ಲ. ಸ್ಥಳೀಯರ ವಿರೋಧದಿಂದ ನಾಗಾಲ್ಯಾಂಡಿನಲ್ಲಿ ಎಚ್‌ಐವಿ ಪರೀಕ್ಷೆ ನಡೆಯಲೇ ಇಲ್ಲ.

ಪ್ರಾತಿನಿಧ್ಯ: 2017–18ರ ಡೆಂಗಿ ಸಮೀಕ್ಷೆ 15 ರಾಜ್ಯಗಳ 12,300 ಜನರನ್ನು ಒಳಗೊಂಡಿತ್ತು. ಹಿಂದೆ ಸೋಂಕು ತಗುಲಿದ್ದವರು ದೇಶದಲ್ಲಿ ಶೇ 48.7, ದಕ್ಷಿಣದಲ್ಲಿ ಶೇ 76.9, ಈಶಾನ್ಯದಲ್ಲಿ ಶೇ 5. ಇಂಥ ಅಂತರವಿರುವಾಗ ದೇಶದ ಸರಾಸರಿ ನೋಡಿ ಒಂದು ಜಿಲ್ಲೆಗೆ ಯೋಜನೆ ರೂಪಿಸಲಾಗದು. ನಗರದೊಳಗೂ ಹೀಗೆಯೇ: 2020ರ ಜುಲೈನಲ್ಲಿ ಮುಂಬೈನ ಮೂರು ವಾರ್ಡುಗಳಲ್ಲಿ ಕೋವಿಡ್ ಪ್ರತಿಕಾಯ ಕೊಳೆಗೇರಿಗಳಲ್ಲಿ ಶೇ 57, ಉಳಿದೆಡೆ ಶೇ 16ರಷ್ಟಿತ್ತು. ಬೀಗ ಹಾಕಿದ ಮನೆ, ವಲಸೆ ಹೋದ ಕುಟುಂಬ, ರಕ್ತ ಕೊಡಲೊಪ್ಪದ ಯಜಮಾನ ಹೆಚ್ಚಿದಷ್ಟೂ ಅಂದಾಜು ಒಂದು ಕಡೆಗೆ ವಾಲುತ್ತದೆ.

ಫಲಿತಾಂಶದ ಓದು: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮೊದಲ ಕೋವಿಡ್ ಸಮೀಕ್ಷೆಯಲ್ಲಿ (2020ರ ಮೇ–ಜೂನ್) ಸೋಂಕಿನ ಪ್ರಮಾಣ ಶೇ 0.73. ಇಷ್ಟು ಕಡಿಮೆ ಪ್ರಮಾಣವಿದ್ದಾಗ ಪರೀಕ್ಷಾ ಕಿಟ್‌ನ ಸಣ್ಣ ದೋಷವೂ ಲೆಕ್ಕ ಕೆಡಿಸಬಲ್ಲದು. ಕರ್ನಾಟಕದಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಶೇ 27ರಷ್ಟಿದ್ದ ಅಂದಾಜು 2021ರ ಆರಂಭದಲ್ಲಿ ಶೇ 16ರ ಆಸುಪಾಸಿಗೆ ಇಳಿಯಿತು. ಒಮ್ಮೆ ಸೋಂಕು ತಗುಲಿದವರ ಒಟ್ಟು ಸಂಖ್ಯೆ ಇಳಿಯುವಂಥದ್ದಲ್ಲ. ಪ್ರತಿಕಾಯ ಮಾತ್ರ ತಿಂಗಳುಗಳು ಕಳೆದಂತೆ ಕುಗ್ಗುತ್ತದೆ. ಆದ್ದರಿಂದ ಯಾವ ಕಿಟ್, ಯಾವ ತಿಂಗಳು, ಎಷ್ಟು ಜನ ನಿರಾಕರಿಸಿದರು ಎಂಬ ವಿವರವಿಲ್ಲದೆ ಎರಡು ಸುತ್ತುಗಳನ್ನು ಹೋಲಿಸುವುದು ಸರಿಯಲ್ಲ.