ಪಾಪಾಸುಕಳ್ಳಿ, ಕೆಂಪು ಕೋಟು ಮತ್ತು ಒಂದು ಬಿಳಿ ಹುಳ

ಮೊನ್ನೆ ಅರಸೀಕೆರೆಯಿಂದ ಹಳೇಬೀಡಿಗೆ ಹೊರಟವನು ದಾರಿಯಲ್ಲಿ ಜಾವಗಲ್ ಹತ್ತಿರ ಮಾವನ ತೋಟಕ್ಕೆ ಇಳಿದಿದ್ದೆ. ಬೇಲಿ ದಾಟಿ ಗೋಮಾಳಕ್ಕೆಲ್ಲ ಹಬ್ಬಿದ ಪಾಪಾಸುಕಳ್ಳಿಗೆ ಹೊಡೆಯೋಣ ಅಂತ ಮಾವ ಕಳೆನಾಶಕದ ಕ್ಯಾನು ತಂದಿಟ್ಟಿದ್ದರು. "ಕಡಿದ್ರೆ ಒಂದಕ್ಕೆ ಹತ್ತಾಗುತ್ತೆ ಕಣೋ" ಅಂದರು. ನಿಜ, ಕಡಿದು ಬಿಸಾಕಿದ ಹಾಳೆ ಬಿದ್ದಲ್ಲೇ ಬೇರು ಬಿಡುತ್ತದೆ. ಹತ್ತಿರ ಹೋಗಿ ನೋಡಿದರೆ ಕೆಲವು ಹಾಳೆಗಳ ಮೇಲೆ ಹತ್ತಿ ಅಂಟಿಸಿದ ಹಾಗೆ ಬಿಳಿ ಬಿಳಿ. ಕಡ್ಡಿಯಲ್ಲಿ ಒತ್ತಿದೆ. ರಕ್ತದಂಥ ಕೆಂಪು!

ಆ ಕೆಂಪಿನ ಹಿಂದೆ ದೊಡ್ಡ ಕಥೆಯೇ ಇದೆ.

ಹಳೇಬೀಡಿನ ಗೋಡೆಗಳಲ್ಲಿ ಎಷ್ಟು ಹುಡುಕಿದರೂ ಈ ಗಿಡ ಸಿಗಲಿಕ್ಕಿಲ್ಲ. ಹೊಯ್ಸಳ ಶಿಲ್ಪಗಳ ಕೈಯಲ್ಲಿರುವುದು ಮೆಕ್ಕೆಜೋಳವೋ ಅಲ್ಲವೋ ಅಂತ ಪಂಡಿತರು ಜಗಳ ಆಡಿದ್ದಾರೆ, ಕಳ್ಳಿಗೆ ಮಾತ್ರ ಆ ಭಾಗ್ಯವಿಲ್ಲ :) ಇದರ ತವರು ಅಮೆರಿಕ. ಹೆಸರಿನ 'ಪಾಪಾಸು' ಅಂದರೆ ಚಪ್ಪಲಿ, ಹಾಳೆಯ ಆಕಾರ ನೋಡಿ ಇಟ್ಟಿದ್ದಿರಬೇಕು.

ಈ ಹುಳದಿಂದ ತೆಗೆಯುವ ಬಣ್ಣವೇ ಕಾಚಿನೀಲ್. ಆಗ ಅದರ ವ್ಯಾಪಾರ ಮೆಕ್ಸಿಕೋ ಆಳುತ್ತಿದ್ದ ಸ್ಪೇನಿನ ಮುಷ್ಟಿಯಲ್ಲಿತ್ತು. ಬ್ರಿಟಿಷ್ ಸೈನ್ಯದ ಕೆಂಪು ಕೋಟಿಗೆ ಆ ಬಣ್ಣ ಬೇಕಿತ್ತು. ಹಾಗಾಗಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಜೇಮ್ಸ್ ಆಂಡರ್ಸನ್ ಮದರಾಸಿನಲ್ಲಿ ಕಳ್ಳಿ ತೋಟವನ್ನೇ ಮಾಡಿದ. 1795ರಲ್ಲಿ ಕ್ಯಾಪ್ಟನ್ ನೀಲ್ಸನ್ ಬ್ರೆಜಿಲಿನಿಂದ ಹುಳ ತಂದ. ಆದರೆ ಬಂದದ್ದು ಅಸಲಿ ಹುಳವಲ್ಲ, ಅದರ ಕಾಡು ದಾಯಾದಿ. ಬಣ್ಣ ಕಳಪೆ. ಕಂಪನಿಗೆ ಲಾಭ ಬರಲಿಲ್ಲ, ಹುಳ ಮಾತ್ರ ಕಳ್ಳಿಯನ್ನು ತಿಂದು ಮುಗಿಸತೊಡಗಿತು.

ಅದನ್ನು ಕಂಡೇ 1836-38ರಲ್ಲಿ ಕಳ್ಳಿ ಕೊಲ್ಲಲೆಂದು ಹುಳವನ್ನು ದಕ್ಷಿಣಕ್ಕೆ ತಂದರು. ಒಂದು ಜಾತಿಯ ಕಳ್ಳಿ ಬಹುಪಾಲು ಸತ್ತಿತು. ಇನ್ನೊಂದು ಜಾತಿ ಹಾಗೇ ಉಳಿಯಿತು, ಈ ಹುಳ ಅದನ್ನು ಮುಟ್ಟುವುದೇ ಇಲ್ಲ! ಅದಕ್ಕೊಪ್ಪುವ ಬೇರೆ ಹುಳ ಸಿಂಹಳದಿಂದ ಬಂದದ್ದು 1926ರಲ್ಲಿ. ಐದಾರು ವರ್ಷಗಳಲ್ಲಿ ದಕ್ಷಿಣ ಭಾರತದ ಎಷ್ಟೋ ಹುಲ್ಲುಗಾವಲು ಬಿಡುಗಡೆಯಾಯಿತು.

ವಿಷದ ದಾರಿ ಹಿಡಿದವರು ಆಸ್ಟ್ರೇಲಿಯಾದವರು. ಅಲ್ಲಿ ಕಳ್ಳಿ ಸುಮಾರು 6 ಕೋಟಿ ಎಕರೆ ನುಂಗಿತ್ತು. ಆರ್ಸೆನಿಕ್ ಹೊಡೆದರು. ವಿಷದ ಖರ್ಚು ಎಷ್ಟೋ ಕಡೆ ಜಮೀನಿನ ಬೆಲೆಯನ್ನೇ ಮೀರಿತು. ಕೊನೆಗೆ 1925ರಲ್ಲಿ ಅರ್ಜೆಂಟೀನಾದಿಂದ ತಂದ ಒಂದು ಪತಂಗದ ಮರಿಹುಳ ಏಳೆಂಟು ವರ್ಷದಲ್ಲಿ ಕೆಲಸ ಮುಗಿಸಿತು. ಆ ಕೀಟದ ನೆನಪಿಗೆ ಬೂನಾರ್ಗಾ ಎಂಬ ಊರಿನವರು 1936ರಲ್ಲಿ ಸಭಾಂಗಣವನ್ನೇ ಕಟ್ಟಿಸಿದರು.

ಟೆಕ್ಸಾಸಿನ ಹುಲ್ಲುಗಾವಲುಗಳಲ್ಲಿ ಪಿಕ್ಲೋರಾಮ್ ಎಂಬ ಔಷಧಿಯನ್ನು ಈಗಲೂ ಹೊಡೆಯುತ್ತಾರೆ. ಕಳ್ಳಿ ಸಾಯುತ್ತದೆ, ನಿಧಾನವಾಗಿ. ಆದರೆ ಔಷಧಿ ಮಣ್ಣಲ್ಲಿ ಬಹಳ ದಿನ ಉಳಿಯುತ್ತದೆ, ಅಗಲ ಎಲೆಯ ಬೆಳೆಗಳಿಗೂ ಪೆಟ್ಟು. ಅವರೆ, ತೊಗರಿ ಬೆಳೆಯುವ, ಮಳೆ ನೀರೆಲ್ಲ ಕೆರೆಗೆ ಇಳಿಯುವ ನಮ್ಮ ಕಡೆಗೆ ಇದು ಹೊಂದೀತೇ? ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯ ದನಗಳು, ಟಿಪ್ಪು ಅಮೃತ ಮಹಲ್ ಎಂದು ಹೆಸರಿಟ್ಟ ದನಗಳು ಮೇಯ್ದದ್ದು ಇಂಥ ಕಾವಲುಗಳಲ್ಲೇ. ಅಲ್ಲಿ ಹುಲ್ಲೇ ಆಸ್ತಿ.

ಮಾವನಿಗೆ ಇಷ್ಟೂ ಹೇಳಿದೆ. "ಹಂಗಾದ್ರೆ ಈ ಹುಳಕ್ಕೆ ದುಡ್ಡು ಕೊಡಬೇಕೇನೋ?" ಅಂದರು. ಬೇಡ, ಹುಳ ಹತ್ತಿದ ಹಾಳೆ ಕಿತ್ತು ಹಸಿರಾಗಿರುವ ಕಳ್ಳಿಗೆ ತಾಗಿಸಿಟ್ಟರೆ ಸಾಕು. ಮಳೆಗಾಲದಲ್ಲಿ ಹುಳ ತೊಳೆದುಹೋಗುತ್ತದೆ, ಬೇಸಿಗೆಯೇ ಸರಿ. ಇಬ್ಬರೂ ಇಕ್ಕಳ ಹಿಡಿದು ಇಪ್ಪತ್ತು ಹಾಳೆ ಇಟ್ಟೆವು. ಕ್ಯಾನು ಕೊಟ್ಟಿಗೆಯ ಅಟ್ಟ ಸೇರಿತು.

ಕೊನೆಗೊಂದು ತಮಾಷೆ. 2022ರಲ್ಲಿ ಕೇಂದ್ರದ ಭೂ ಸಂಪನ್ಮೂಲ ಇಲಾಖೆ ಪಾಳು ಭೂಮಿಯಲ್ಲಿ ಮೇವಿಗೆ, ಬಯೋಗ್ಯಾಸಿಗೆ ಕಳ್ಳಿ ಬೆಳೆಸುವ ಮಾತಾಡಿತು. ಮುಳ್ಳಿಲ್ಲದ ಕಳ್ಳಿ ಒಳ್ಳೆ ಮೇವು, ಅನುಮಾನವಿಲ್ಲ. ಆದರೆ ನಮಗೆ ಉಪಕಾರ ಮಾಡಿದ 1926ರ ಹುಳವೇ 2014ರಿಂದ ಮೊರಾಕ್ಕೋದ ಕಳ್ಳಿ ತೋಟಗಳನ್ನು ಹಾಳುಮಾಡಿದೆ. ಒಂದು ಕಾಲದ ಗೆಳೆಯ ಇನ್ನೊಂದು ಕಾಲದ ಶತ್ರು...

ನಿಮ್ಮೂರ ಕಳ್ಳಿಯ ಮೇಲೂ ಬಿಳಿ ಹತ್ತಿ ಕಂಡಿದ್ದೀರಾ? ತಿಳಿಸಿ.